ಮೂವತ್ತನಾಲ್ಕು ಇಂಚಿನ ಸೊಂಟ

ಅವಳ ಸೊಂಟದ ಸುತ್ತಳತೆ ಮೂವತ್ತನಾಲ್ಕು ಇಂಚು. ಇದೇನೂ ಗುಟ್ಟಲ್ಲ, ಹನ್ನೊಂದು ಮಿಷನ್ನುಗಳ ಆ ಹೊಲಿಗೆ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಬಟ್ಟೆಗೆ ಕತ್ತರಿ ಹಾಕುವ ಕೆಲಸ ಅವಳೊಬ್ಬಳದಾದ್ದರಿಂದ ಎಲ್ಲರೂ ಅವಳನ್ನು ಕಟಿಂಗ್ ಅಕ್ಕ ಎನ್ನುತ್ತಿದ್ದರು. ಟೇಪಿನಿಂದ ಮೈ ಅಳೆಯುವುದು, ಕಬ್ಬಿಣದ ಸ್ಕೇಲಿನಿಂದ ಬಟ್ಟೆಯ ಮೇಲೆ ಗೆರೆ ಎಳೆಯುವುದು. ಇವೆರಡೂ ಒಂದನ್ನೊಂದು ಒಪ್ಪದಿದ್ದರೆ ಕೋಟು ಕೆಟ್ಟಿತೆಂದೇ ಲೆಕ್ಕ. ಸ್ಕೇಲು ಕಬ್ಬಿಣ, ಅದರ ಬಗ್ಗೆ ಅನುಮಾನವಿಲ್ಲ. ಟೇಪು ಮಾತ್ರ ಬಳಸಿದಷ್ಟೂ ಜಗ್ಗುತ್ತದೆ, ಜಗ್ಗಿದ ಟೇಪು ದಪ್ಪಗಿದ್ದವರನ್ನೂ ತೆಳ್ಳಗೆ ತೋರಿಸುತ್ತದೆ.

ಅವಳಿಗೆ ಕೆಲಸ ಕಲಿಸಿದ ಮುದುಕಿಯೊಬ್ಬಳು ಹೇಳಿಕೊಟ್ಟಿದ್ದಳು: ಮೇಜಿನ ಮೇಲೆ ಮಲಗಿದ ಟೇಪು ಸುಳ್ಳು ಹೇಳುತ್ತೆ, ಮೈಗೆ ಸುತ್ತಿ ಎಳೆದಾಗಲೇ ಅದರ ಬಂಡವಾಳ ಬಯಲಾಗೋದು. ಹಾಗಾಗಿ ಪ್ರತಿ ತಿಂಗಳ ಮೊದಲ ದಿನ ಕಟಿಂಗ್ ಅಕ್ಕ ಟೇಪನ್ನು ತನ್ನ ಸೊಂಟಕ್ಕೇ ಸುತ್ತಿ ನೋಡುವಳು. ಮೂವತ್ತನಾಲ್ಕು ಬಂತೋ, ಟೇಪಿಗೆ ಇನ್ನೊಂದು ತಿಂಗಳ ಆಯುಸ್ಸು. ಕಾಲು ಇಂಚು ಕಡಿಮೆ ಬಂತೋ, ಕಸದ ಬುಟ್ಟಿ. ಇಪ್ಪತ್ತು ವರ್ಷದಲ್ಲಿ ಕಸದ ಬುಟ್ಟಿಗೆ ಎಷ್ಟು ಟೇಪು ಹೋಗಿವೆಯೋ, ಸೊಂಟ ಮಾತ್ರ ಕದಲಿರಲಿಲ್ಲ. "ಸರ್ಕಾರದವರು ಯಾವತ್ತಾದ್ರೂ ಬಂದು ನಿನ್ನ ಸೊಂಟಕ್ಕೆ ಮುದ್ರೆ ಒತ್ತಿ ಹೋಗ್ತಾರೆ ನೋಡ್ತಿರು," ಎಂದು ಕಾಜಾ ಚಿಕ್ಕಪ್ಪ ರೇಗಿಸುತ್ತಿದ್ದ. ಗುಂಡಿ, ಕಾಜಾಗಳ ಕೆಲಸದಲ್ಲೇ ತಲೆ ನೆರೆಸಿಕೊಂಡ ಅವನು ಯಾರ ಚಿಕ್ಕಪ್ಪನೂ ಅಲ್ಲ, ಹಾಗಾಗಿ ಎಲ್ಲರಿಗೂ ಚಿಕ್ಕಪ್ಪ.

ಆ ವರ್ಷ ಊರಿನ ವಾದ್ಯತಂಡಕ್ಕೆ ನೂರು ತುಂಬುವುದಿತ್ತು. ನಲವತ್ತೆರಡು ಜನಕ್ಕೆ ನಲವತ್ತೆರಡು ಹೊಸ ಕೋಟು, ಗಡುವು ಎರಡು ತಿಂಗಳು. ಆರ್ಡರು ಹಿಡಿದ ದಿನದಿಂದ ಯಜಮಾನರು ಅವಳ ಬೆನ್ನ ಹಿಂದೆಯೇ ಠಿಕಾಣಿ ಹೂಡಿದ್ದರು. "ಆಯ್ತೇನಮ್ಮ?" ಎಂಬ ಅವರ ಪ್ರಶ್ನೆ ದಿನಕ್ಕೆ ಇಪ್ಪತ್ತು ಸಲ ಅವಳ ಕುತ್ತಿಗೆಗೆ ತಾಕುತ್ತಿತ್ತು. ಮನೆಯಲ್ಲೂ ಜಾಗ ಇಕ್ಕಟ್ಟಾಗಿತ್ತು. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡುವ ತಂಗಿ, ಗಂಡನಿಂದ ದೂರವಾಗಿ, ಎಂಟು ವರ್ಷದ ಮಗಳನ್ನು ಕರೆದುಕೊಂಡು ಅಕ್ಕನ ಎರಡು ಕೋಣೆಯ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಮಗುವನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ತಟ್ಟೆಯಲ್ಲಿ ಹಾಕಿದ್ದನ್ನು ಎಣಿಸಿ ಎಣಿಸಿ ತಿನ್ನುವ ಹುಡುಗಿ. ತಂಗಿ ಬಂದಾಗ ಅಕ್ಕ ಹೇಳಿದ್ದು ಒಂದೇ ಮಾತು: "ಮೂರು ತಟ್ಟೆ ಇದೆ. ಇನ್ನೇನು ಬೇಕು?" ತಂಗಿಗೆ ಅಂದು ಕಣ್ಣು ತುಂಬಿ ಬಂದಿತ್ತು.

ಹಸಿವು ಯಾವಾಗ ಶುರುವಾಯಿತೋ ಅವಳಿಗೇ ಸರಿಯಾಗಿ ಗೊತ್ತಿಲ್ಲ. ಮೊದಮೊದಲು ಹನ್ನೆರಡೂವರೆಗೆ ತೆಗೆಯುವ ಡಬ್ಬಿ ಹನ್ನೊಂದಕ್ಕೇ ತೆರೆದುಕೊಂಡಿತು. ಆಮೇಲೆ ಒಂದು ಡಬ್ಬಿ ಹೋಗಿ ಎರಡಾಯಿತು. ನಾಲ್ಕು ಗಂಟೆಗೆ ಎದುರಿನ ಬೇಕರಿಯಿಂದ ಆರು ಬನ್ನು. ಮನೆಗೆ ಹೋದವಳೇ ಚಪ್ಪಲಿ ಬಿಡುವ ಮೊದಲು ಪಾತ್ರೆಯ ಮುಚ್ಚಳ ಎತ್ತುವುದು. ತಿಂದದ್ದು ಎಲ್ಲಿ ಹೋಗುತ್ತಿತ್ತೋ! ಹೊಟ್ಟೆಯಲ್ಲೊಂದು ತೂತು ಬಿದ್ದಂತೆ, ತುಂಬಿದಷ್ಟೂ ಖಾಲಿ. ಹಸಿವಿನ ಜೊತೆ ಸೆಕೆಯೂ ಬಂತು. ಎಲ್ಲರೂ ಸ್ವೆಟರ್ ಹಾಕಿಕೊಂಡು ಕೂತ ಬೆಳಿಗ್ಗೆ ಅವಳು ಫ್ಯಾನ್ ಹಾಕಿ ಬೈಸಿಕೊಂಡಳು. ಮೂರು ಮೆಟ್ಟಿಲು ಹತ್ತಿದರೆ ಎದೆಯೊಳಗೆ ಯಾರೋ ಮಿಷನ್ ತುಳಿಯುತ್ತಿದ್ದಾರೇನೋ ಎಂಬಂಥ ಸದ್ದು. ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೆ ನಲವತ್ತೆರಡು ಕೋಟುಗಳು ತೋಳು ಬೀಸಿಕೊಂಡು ಕುಣಿಯುತ್ತಿದ್ದವು. ಕೆಲಸದ ಒತ್ತಡ, ಕೋಟು ಮುಗಿದರೆ ಇದೂ ಮುಗಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಬಾಯಿಯೂ ಅವಳ ಹತೋಟಿ ತಪ್ಪಿತು. ಮೊದಲೂ ಅವಳೇನು ಸಾಧುವಲ್ಲ. ಬೈದರೆ ನೆಟ್ಟಗೆ ಬೈಯುವಳು, ಬೈದ ಮೇಲೆ ಮರೆಯುವಳು. ಈಗ ಹಾಗಲ್ಲ. ಸಿಟ್ಟು ಒಳಗೆ ಬರುವ ಮೊದಲೇ ಮಾತು ಹೊರಗೆ ಬಿದ್ದಿರುತ್ತಿತ್ತು. ಬನ್ನಿನಲ್ಲಿ ಒಣದ್ರಾಕ್ಷಿ ಕಡಿಮೆಯೆಂದು ಬೇಕರಿಯವನ ಮೇಲೆ ಹರಿಹಾಯ್ದಳು. ದಾರದ ಬಣ್ಣ ಕೇಳಿದ್ದಕ್ಕೆ ಹೊಲಿಗೆಯ ಹುಡುಗಿಯೊಬ್ಬಳನ್ನು ಅಳಿಸಿದಳು. ಅತ್ತವಳನ್ನು ನೋಡಿ ತಾನೂ ಅತ್ತಳು, ಯಾಕೆಂದು ತಿಳಿಯದೆ. ಅಂಗಡಿಯಲ್ಲಿ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡರು. ಮಿಷನ್ನುಗಳಷ್ಟೇ ಮಾತನಾಡುತ್ತಿದ್ದವು.

ಹೀಗಿರುವಾಗ ತಿಂಗಳ ಮೊದಲ ದಿನ ಬಂತು. ಆರ್ಡರಿನ ಗಡಿಬಿಡಿಯಲ್ಲಿ ಹಿಂದಿನ ತಿಂಗಳು ಟೇಪು ಪರೀಕ್ಷೆ ತಪ್ಪಿಹೋಗಿತ್ತು. ಸೊಂಟಕ್ಕೆ ಸುತ್ತಿದಳು. ಮೂವತ್ತೊಂದು.

ಮತ್ತೆ ಸುತ್ತಿದಳು, ಉಸಿರು ಬಿಟ್ಟು, ಉಸಿರು ಹಿಡಿದು. ಮೂವತ್ತೊಂದೇ.

ಅವಳ ಕಾಲ ಕೆಳಗಿನ ನೆಲ ಸರಿಯಿತು. ಸೊಂಟದ ಚಿಂತೆಯಿಂದಲ್ಲ. ವಾದ್ಯತಂಡದ ನಲವತ್ತೆರಡು ಜನರ ಅಳತೆ ತೆಗೆದದ್ದು ಇದೇ ಟೇಪಿನಲ್ಲಿ! ಆ ಜನ ಈಗ ಊರೂರು ಸುತ್ತುತ್ತಾ ಕಛೇರಿ ಕೊಡುತ್ತಿದ್ದಾರೆ, ಬರುವುದು ಟ್ರಯಲ್ಲಿನ ದಿನಕ್ಕೇ. ಅವಳು ಅಂಗಡಿ ಬಿಟ್ಟು ಓಡಿದಳು. ಮೂರು ಅಂಗಡಿಗಳಲ್ಲಿ ಐದು ಹೊಸ ಟೇಪು ತೆಗೆದು, ಅಲ್ಲೇ ಕೌಂಟರಿನ ಮುಂದೆ ನಿಂತು ಸೊಂಟಕ್ಕೆ ಸುತ್ತಿ ನೋಡಿದಳು. ಐದೂ ಮೂವತ್ತೊಂದು.

"ಎಲ್ಲಾ ಒಂದೇ ಕಾರ್ಖಾನೆಯ ಕಳಪೆ ಮಾಲು!" ಎಂದು ಗುಡುಗಿದಳು.

"ಟೇಪು ಸರಿಯಾಗೇ ಇದೆಯಮ್ಮ," ಎಂದ ಅಂಗಡಿಯವನು. "ನೀವೇ ಸ್ವಲ್ಪ ಇಳಿದಿರಬೇಕು."

"ನಾನು ಇಳಿಯೋದಾ? ದಿನಕ್ಕೆ ಐದು ಸಲ ತಿಂತೀನಿ ಕಣಯ್ಯಾ! ಎರಡಾಳಿನ ಊಟ ಮಾಡೋರು ಎಲ್ಲಾದರೂ ಇಳೀತಾರಾ? ತಲೇಲಿ ಬುದ್ಧಿ ಇಟ್ಕೊಂಡು ಮಾತಾಡು."

ಅಂಗಡಿಯವನು ಬುದ್ಧಿ ಇಟ್ಟುಕೊಂಡು ಸುಮ್ಮನಾದ. ಅವಳ ತರ್ಕದಲ್ಲಿ ಬಿರುಕೇ ಇರಲಿಲ್ಲ. ತಿನ್ನುವುದು ಹೆಚ್ಚಾಗಿದೆ, ಆದ್ದರಿಂದ ಸೊಂಟ ಕಡಿಮೆಯಾಗಲು ಸಾಧ್ಯವಿಲ್ಲ. ಸೊಂಟ ಕಡಿಮೆಯಾಗದಿದ್ದರೆ ಟೇಪು ಜಗ್ಗಿದೆ. ಲಂಗದ ಲಾಡಿ ಎರಡು ಸುತ್ತು ಬರುತ್ತಿದ್ದುದನ್ನು ಅವಳು ಲಾಡಿಯ ತಲೆಗೇ ಕಟ್ಟಿದ್ದಳು. ವಾಪಸ್ ಬಂದು ಅಳತೆಯ ಪುಸ್ತಕ ತೆರೆದು, ಮೂವತ್ತಕ್ಕೆ ಮೂರು ನುಂಗುವ ಟೇಪೆಂದು ಹತ್ತಿಂಚಿಗೆ ಒಂದಿಂಚಿನಂತೆ ಸೇರಿಸುತ್ತಾ ಹೋದಳು. ನಲವತ್ತು ಎಂದಿದ್ದ ಎದೆ ನಲವತ್ತನಾಲ್ಕಾಯಿತು. ಇಪ್ಪತ್ತನಾಲ್ಕರ ತೋಳು ಇಪ್ಪತ್ತಾರೂ ಕಾಲಿಗೆ ಮೇಲಾಯಿತು. ಕಾಜಾ ಚಿಕ್ಕಪ್ಪ ಇಣುಕಿ, "ಇಷ್ಟು ದೊಡ್ಡವರಾ ಇವರೆಲ್ಲಾ?" ಎಂದದ್ದಕ್ಕೆ, "ನೀವು ಗುಂಡಿ ನೋಡ್ಕೊಳ್ಳಿ," ಎಂದು ಮುಖಕ್ಕೆ ಹೊಡೆದಂತೆ ಹೇಳಿದಳು.

ಅದೇ ವಾರ ಮನೆಯಲ್ಲಿ ಆಗಬಾರದ್ದು ಆಯಿತು. ಸಂಜೆ ಮುಚ್ಚಳ ಎತ್ತಿದರೆ ಪಾತ್ರೆ ಖಾಲಿ. ಆರು ಮೊಟ್ಟೆ, ಬೇಯಿಸಿಟ್ಟ ಆಲೂಗಡ್ಡೆ, ಏನೂ ಇಲ್ಲ. ಅವಳ ಕಣ್ಣಿಗೆ ಕತ್ತಲೆ ಬಂತು. ಗುಬ್ಬಿ ಮೂಲೆಯಲ್ಲಿ ಲೆಕ್ಕ ಮಾಡುತ್ತಾ ಕೂತಿತ್ತು.

"ನೀನಾ ತಿಂದಿದ್ದು? ಇಷ್ಟುದ್ದ ಇದ್ದೀಯ, ಹೊಟ್ಟೆ ಏನು ಗೋಣಿಚೀಲಾನಾ? ಬಂದವರೆಲ್ಲಾ ಉಂಡು ಹೋಗೋಕೆ ನಾನೇನು ಛತ್ರ ಇಟ್ಟಿದೀನಾ?"

ಮಗು ಪೆನ್ಸಿಲ್ ಕೆಳಗಿಟ್ಟಿತು. ಅಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ತಂಗಿ ಮೆಲ್ಲಗೆ ಹೇಳಿದಳು: "ಅಕ್ಕ, ಬೆಳಿಗ್ಗೆ ಹೋಗುವಾಗ ಎಲ್ಲಾ ನೀನೇ ಡಬ್ಬಿಗೆ ತುಂಬಿಕೊಂಡೆ. ನಾನೇ ಕೈಯಾರೆ ಕೊಟ್ಟೆ."

ಅದು ನಿಜವಾಗಿತ್ತು. ನಿಜವಾಗಿದ್ದರಿಂದ ಅವಳು ಇನ್ನೂ ಜೋರಾಗಿ ಕೂಗಾಡಿದಳು.

ಮರುದಿನದಿಂದ ಗುಬ್ಬಿ ಊಟಕ್ಕೆ ಕೂತರೆ ಅರ್ಧ ತಿಂದು ತಟ್ಟೆಯನ್ನು ದೊಡ್ಡಮ್ಮನ ಕಡೆ ತಳ್ಳತೊಡಗಿತು. "ನಂಗೆ ಹಸಿವಿಲ್ಲ, ನೀವು ತಗೊಳ್ಳಿ." ಅಲ್ಲಿಯವರೆಗೂ 'ನೀನು' ಅನ್ನುತ್ತಿದ್ದ ಮಗು ಒಂದೇ ದಿನದಲ್ಲಿ 'ನೀವು'ವಿಗೆ ಏರಿತ್ತು. ಅದಕ್ಕಿಂತ ಭಯಂಕರವಾದದ್ದು ಏನೆಂದರೆ, ದೊಡ್ಡಮ್ಮ ಆ ಅರ್ಧವನ್ನೂ ತಿಂದಳು. ಬೇಡವೆನ್ನಲು ಬಾಯಿ ತೆರೆದರೆ ತುತ್ತು ಒಳಗೆ ಹೋಗಿರುತ್ತಿತ್ತು. ಮೂರನೆಯ ದಿನ ತಂಗಿ, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಗೊತ್ತು ಮಾಡಿ ಬಂದಿರುವುದಾಗಿ ಹೇಳಿದಳು.

"ತಿಂಗಳ ಕೊನೆಗೆ ಹೋಗ್ತೀವಿ. ಜಗಳ ಅಂತಲ್ಲ ಅಕ್ಕ. ನೀನು ಬಂದ ಸದ್ದು ಕೇಳಿದ್ರೆ ಅವಳು ಬಾತ್‌ರೂಮಿಗೆ ಹೋಗಿ ಚಿಲಕ ಹಾಕ್ಕೋತಾಳೆ. ಒಂದು ಮನೇಲಿ ಅದನ್ನೇ ನೋಡಿ ಬಂದಿದೀನಿ, ಇನ್ನೊಂದು ಮನೇಲಿ ನೋಡಲಾರೆ."

ಬಾಯಿ ತೆರೆದರೆ ಏನು ಹೊರಬೀಳುತ್ತದೋ ಎಂದು ಅಕ್ಕ ಹಲ್ಲು ಕಚ್ಚಿ ಕೂತಳು. ನಾನು ಇಂಥವಳಾ ಎಂದು ಅವಳು ಆ ವಾರವೆಲ್ಲ ಕೇಳಿಕೊಂಡಳು. ಒಳಗೆ ಇಂಥವಳೊಬ್ಬಳು ಮೊದಲಿಂದಲೂ ಕೂತಿದ್ದಳಾ, ನಲವತ್ತೈದು ವರ್ಷ ಬಾಗಿಲು ಮುಚ್ಚಿಕೊಂಡು? ಹಾಗಿದ್ದರೆ ಇದಕ್ಕೆ ಮದ್ದಿಲ್ಲ. ತಂಗಿ ಹೋಗುವುದೇ ಒಳ್ಳೆಯದು.

ಟ್ರಯಲ್ಲಿನ ದಿನ ವಾದ್ಯತಂಡ ಬಂತು. ಕೋಟು ಹಾಕಿಕೊಂಡರು. ಅಪ್ಪಂದಿರ ಕೋಟು ಕದ್ದು ತೊಟ್ಟ ನಲವತ್ತೆರಡು ಮಕ್ಕಳು! ತಂಡದ ನಾಯಕನ ಕೈ ತೋಳಿನೊಳಗೇ ಕಳೆದುಹೋಗಿತ್ತು, ಕೋಲಿನ ತುದಿಯಷ್ಟೇ ಹೊರಗೆ ಇಣುಕುತ್ತಿತ್ತು. ಡೋಲು ಬಡಿಯುವವನು ತನ್ನ ಕೋಟಿನೊಳಗೆ ಪೂರ್ತಿ ಒಂದು ಸುತ್ತು ತಿರುಗಿದ, ಕೋಟು ತಿರುಗಲಿಲ್ಲ.

"ಪರವಾಗಿಲ್ಲ ಬಿಡಿ," ಎಂದ ಡೋಲಿನವನು. "ಡೋಲನ್ನೂ ಒಳಗೇ ಇಟ್ಕೊಂಡು ಬಾರಿಸ್ತೀನಿ. ಮಳೆ ಬಂದ್ರೂ ನೆನೆಯಲ್ಲ."

ಎಲ್ಲರೂ ನಕ್ಕರು. ಯಜಮಾನರು ಮಾತ್ರ ನಗಲಿಲ್ಲ. ಕಟಿಂಗ್ ಅಕ್ಕ ಕುರ್ಚಿ ಹಿಡಿದು ನಿಂತಳು. "ಟೇಪು ಜಗ್ಗಿತ್ತು," ಎಂದಳು. "ನಾನು ಸರಿಮಾಡಿದೆ. ನನ್ನ ಸೊಂಟಕ್ಕೆ ಮೂರಿಂಚು ಕಡಿಮೆ ತೋರಿಸ್ತಿತ್ತು…"

ಕಾಜಾ ಚಿಕ್ಕಪ್ಪ ಎದ್ದು, ಹೊಸವೂ ಅಷ್ಟೇ ಎಂದು ಎಸೆಯದೆ ಅವಳು ಕೊರಳಲ್ಲೇ ಉಳಿಸಿಕೊಂಡಿದ್ದ ಆ ಹಳೆಯ ಟೇಪು ತೆಗೆದುಕೊಂಡ. ಶೋಕೇಸಿನ ಮರದ ಗೊಂಬೆಯ ಕೋಟು ಬಿಚ್ಚಿದ. ಅದರ ಎದೆಯ ಮೇಲೆ ಮೂವತ್ತೆಂಟು ಎಂದು ಕೆತ್ತಿತ್ತು. ಟೇಪು ಸುತ್ತಿ ಎಳೆದು ಹಿಡಿದ. ಮೂವತ್ತೆಂಟು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. "ಟೇಪು ಜಗ್ಗಿಲ್ಲ ಮಗಳೇ," ಎಂದ. ಅಷ್ಟು ಮೆತ್ತಗೆ ಅವನು ಮಾತನಾಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ಆಗ ಕ್ಲಾರಿನೆಟ್ ನುಡಿಸುವ ಹೆಂಗಸು ಮುಂದೆ ಬಂದಳು. ತೋಳು ಮಡಚಿ ಮಡಚಿ ಮೊಣಕೈಯವರೆಗೆ ಏರಿಸಿಕೊಂಡಿದ್ದಳು. ತಂಡ ಊರಲ್ಲಿದ್ದಾಗ ಸಂಜೆ ಹೊತ್ತು ಕ್ಲಾರಿನೆಟ್, ಹಗಲು ಹೊತ್ತು ಎರಡು ಬೀದಿ ಆಚೆಯ ಚಿಕಿತ್ಸಾಲಯದಲ್ಲಿ ಡಾಕ್ಟರು.

"ನನಗೆ ಕೋಟು ತೊಡಿಸುವಾಗ ನಿಮ್ಮ ಕೈ ನೋಡ್ತಾ ಇದ್ದೆ," ಎಂದಳು. "ಒಂಚೂರು ಎರಡೂ ಕೈ ಮುಂದೆ ಚಾಚಿ."

ಚಾಚಿದಳು. ಇಪ್ಪತ್ತು ವರ್ಷ ಗೆರೆ ತಪ್ಪದ ಬೆರಳುಗಳು ಗಾಳಿಗೆ ಸಿಕ್ಕ ದಾರದಂತೆ ಸಣ್ಣಗೆ ನಡುಗುತ್ತಿದ್ದವು. ಡಾಕ್ಟರಮ್ಮ ಮಣಿಕಟ್ಟು ಹಿಡಿದು ಗಡಿಯಾರ ನೋಡಿದಳು. ಒಂದು ಲೋಟ ನೀರು ತರಿಸಿದಳು. "ಕುಡೀರಿ. ಸ್ವಲ್ಪ ತಲೆ ಎತ್ತಿ. ನುಂಗಿ." ನೀರು ಇಳಿಯುವಾಗ ಗಂಟಲ ಕೆಳಗೆ ಏನೋ ದಪ್ಪಗೆ ಮೇಲೆದ್ದು ಕೆಳಗಿಳಿಯಿತು.

"ತುಂಬಾ ತಿಂತೀರಾ?"

"ಹೂಂ."

"ಸೆಕೆ? ನಿದ್ದೆ ಇಲ್ಲ? ಸುಮ್ಮಸುಮ್ಮನೆ ಸಿಟ್ಟು?"

ಈ ಕೊನೆಯ ಪ್ರಶ್ನೆಗೆ ಉತ್ತರ ಕೊಡುವ ಕಷ್ಟವನ್ನು ಇಡೀ ಅಂಗಡಿ ಅವಳಿಗೆ ತಪ್ಪಿಸಿತು. ಹನ್ನೊಂದು ಮಿಷನ್ನುಗಳ ಹಿಂದಿನಿಂದ ಒಟ್ಟಿಗೆ "ಹೂಂ" ಬಂತು.

ರಕ್ತಪರೀಕ್ಷೆಯ ಫಲಿತಾಂಶಕ್ಕೆ ಮೂರು ದಿನ ಹಿಡಿಯಿತು. ಚಿಕಿತ್ಸಾಲಯದ ಸಣ್ಣ ಕೋಣೆಯಲ್ಲಿ ಡಾಕ್ಟರಮ್ಮ ಕಾಗದವನ್ನು ಅವಳ ಕಡೆ ತಿರುಗಿಸಿ, ತನ್ನ ಕೊರಳನ್ನೇ ಮುಟ್ಟಿ ತೋರಿಸಿದಳು. ಇಲ್ಲೊಂದು ಗ್ರಂಥಿ ಇದೆ, ಥೈರಾಯ್ಡ್. ಮೈಯ ಒಲೆ ಎಷ್ಟು ಉರಿಯಬೇಕು ಅನ್ನೋದನ್ನ ಅದು ಸುರಿಸೋ ರಸ ಹೇಳುತ್ತೆ. ನಿಮ್ಮದು ಅಳತೆ ಮೀರಿ ಸುರಿಸ್ತಿದೆ. ಒಲೆ ಉರೀತಾನೇ ಇದೆ, ನೀವು ಸೌದೆ ಹಾಕ್ತಾನೇ ಇದೀರಿ. ತಿಂದದ್ದೆಲ್ಲ ಉರಿದು ಹೋಗುತ್ತೆ, ಸಾಲದ್ದಕ್ಕೆ ಮೈಯನ್ನೂ ಉರಿಸುತ್ತೆ. ಅದಕ್ಕೇ ಎರಡಾಳಿನ ಊಟ ಮಾಡಿಯೂ ಇಳಿದಿರೋದು.

"ಸಿಟ್ಟು?" ಎಂದಳು ಕಟಿಂಗ್ ಅಕ್ಕ. ಅವಳಿಗೆ ಬೇಕಾಗಿದ್ದುದು ಅದೊಂದೇ.

"ಅದೂ ಇದರದ್ದೇ. ಎದೆ ಓಡ್ತಾ ಇದ್ರೆ ತಲೆ, ಏನೋ ಅಪಾಯ ಬಂತು ಅಂದ್ಕೊಳ್ಳುತ್ತೆ. ಎದುರಿಗೆ ಯಾರು ಸಿಕ್ತಾರೋ ಅವರ ಮೇಲೆ ಬೀಳುತ್ತೆ."

"ಕೆಲಸದ ಒತ್ತಡದಿಂದ ಬಂತಾ?"

"ಒತ್ತಡ ಒಂದು ತಳ್ಳು ಕೊಟ್ಟಿರಬಹುದು. ಇದು ಇದ್ದವರಿಗೆ ಸಣ್ಣ ಒತ್ತಡವೂ ಬೆಟ್ಟ ಆಗುತ್ತೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ನಾನು ಹೇಳಲಾರೆ. ಮಾತ್ರೆ ಇದೆ. ಎದೆಬಡಿತ ಒಂದು ವಾರದಲ್ಲಿ ತಗ್ಗುತ್ತೆ, ಉಳಿದದ್ದಕ್ಕೆ ತಿಂಗಳೆರಡು ತಿಂಗಳು. ವಾಸಿಯಾಗುತ್ತೆ."

ಕಟಿಂಗ್ ಅಕ್ಕ ಬೀದಿಗೆ ಬಂದು, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು ಅತ್ತಳು. ಈ ಸಲ ಯಾಕೆಂದು ಚೆನ್ನಾಗಿ ಗೊತ್ತಿತ್ತು. ಕಾಯಿಲೆ ಎಂದು ತಿಳಿದು ಇಷ್ಟು ಸಂತೋಷಪಟ್ಟವರನ್ನು ಆ ಬೀದಿ ಕಂಡಿರಲಾರದು. ಎದೆಯ ಮೇಲಿಂದ ಯಾರೋ ಒಂದು ಚಪ್ಪಡಿ ಎತ್ತಿಟ್ಟಂತೆ ಆಯಿತು. ಒಳಗೆ ಕೂತಿದ್ದವಳು ಅವಳಲ್ಲ, ಚಿಟ್ಟೆಯಷ್ಟು ಗಾತ್ರದ ಒಂದು ಮಾಂಸದ ತುಣುಕು!

ಅಂಗಡಿಯಲ್ಲೂ ಆಕಾಶ ಕಳಚಿ ಬೀಳಲಿಲ್ಲ. ಕೋಟು ಚಿಕ್ಕದಾಗಿದ್ದರೆ ನೇಣು ಹಾಕಿಕೊಳ್ಳಬೇಕಿತ್ತು, ದೊಡ್ಡದಾದರೆ ಒಳಗೆ ಹಿಡಿದು ಹೊಲಿದರಾಯಿತು ಎಂದ ಕಾಜಾ ಚಿಕ್ಕಪ್ಪ, ಎಲ್ಲರನ್ನೂ ಕೂರಿಸಿ ಕೋಟು ಬಿಚ್ಚಿಸತೊಡಗಿದ. ಯಜಮಾನರು ಅವಳ ಬೆನ್ನ ಹಿಂದಿನಿಂದ ಎದ್ದು ತಮ್ಮ ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ ಕೂತರು. "ಆಯ್ತೇನಮ್ಮ?" ಎನ್ನಲು ಬಾಯಿ ತೆರೆದವರು "ಮಾತ್ರೆ ತಗೊಂಡ್ಯೇನಮ್ಮ?" ಎಂದು ತಿರುಗಿಸಿದರು.

ಮನೆಯಲ್ಲಿ ಮಾತ್ರ ಅಷ್ಟು ಸುಲಭವಾಗಲಿಲ್ಲ. ಅವಳು ಕಾಗದ ಹಿಡಿದು ಎಲ್ಲವನ್ನೂ ಹೇಳಿದಳು. ತಂಗಿ ಕೇಳಿಸಿಕೊಂಡಳು, ಕೈ ಹಿಡಿದಳು, ಕಣ್ಣೊರೆಸಿಕೊಂಡಳು. ಆಮೇಲೆ ಹೇಳಿದಳು: "ನಾನು ನಂಬ್ತೀನಿ ಅಕ್ಕ. ಆದ್ರೆ ಗುಬ್ಬಿಯ ಹೊಟ್ಟೆ ನಂಬಬೇಕಲ್ಲ. ಆ ಕೋಣೆಯವರು ಇನ್ನೊಂದು ತಿಂಗಳು ಕಾಯ್ತಾರಂತೆ. ನೋಡೋಣ."

ಗುಬ್ಬಿ ದೂರದಲ್ಲೇ ನಿಂತು ಕೇಳಿತು: "ಅಂದ್ರೆ ಗ್ರಂಥಿ ಬೈದಿದ್ದಾ? ನೀವಲ್ವಾ?"

ಹೌದು ಎಂದುಬಿಡಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ. "ಗ್ರಂಥಿ ಕಿರುಚಿತು ಪುಟ್ಟ," ಎಂದಳು. "ಆದ್ರೆ ಬಾಯಿ ನಂದೇ. ತಪ್ಪಾಯ್ತು."

ಮಗು ಸ್ವಲ್ಪ ಯೋಚಿಸಿ, ತಲೆಯಾಡಿಸಿ, ಲೆಕ್ಕದ ಪುಸ್ತಕಕ್ಕೆ ಮರಳಿತು. ಊಟದಲ್ಲಿ ಅರ್ಧ ಬಿಡುವುದನ್ನು ಬಿಡಲಿಲ್ಲ.

ವಾರದಲ್ಲಿ ಎದೆಯೊಳಗಿನ ಮಿಷನ್ ನಿಧಾನವಾಯಿತು. ಇನ್ನೆರಡು ವಾರಕ್ಕೆ ಒಂದು ಮಧ್ಯಾಹ್ನ ಅವಳ ಎರಡನೆಯ ಡಬ್ಬಿ ತೆರೆಯದೆ ಹಾಗೇ ಮನೆಗೆ ವಾಪಸ್ ಬಂತು. ಮನೆಯಲ್ಲಿ ಅವಳು ಮುಳ್ಳಿನ ಮೇಲೆ ನಡೆಯುವವಳಂತೆ ನಡೆದಳು. ಹಾಲು ಚೆಲ್ಲಿದರೆ "ಪರವಾಗಿಲ್ಲ", ಬಾಗಿಲು ಬಡಿದರೆ "ಪರವಾಗಿಲ್ಲ". ಸಿಟ್ಟು ಬಂದೀತೆಂಬ ಭಯಕ್ಕೆ ಮಾತನ್ನೇ ಕಡಿಮೆ ಮಾಡಿದಳು. ಅವಳ ಆ ಮೆದು ಮಾತಿಗೆ ತಾಯಿ ಮಗಳು ಇನ್ನೂ ಹೆಚ್ಚು ಹೆದರಿದರು. ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು. ತಂಗಿಯ ಪೆಟ್ಟಿಗೆ ಮಂಚದ ಕೆಳಗಿನಿಂದ ಮಂಚದ ಮೇಲೆ ಬಂದಿತ್ತು.

ಆ ಭಾನುವಾರ ಮಧ್ಯಾಹ್ನ ಅವಳು ಹೊರಗಿನಿಂದ ಬಂದಾಗ ಗುಬ್ಬಿ ನೆಲದ ಮೇಲೆ ಕೂತು ಶಾಲೆಗೆ ರಟ್ಟಿನ ಮನೆ ಮಾಡುತ್ತಿತ್ತು. ದಪ್ಪ ರಟ್ಟು, ಪೆಟ್ಟಿಗೆಯ ರಟ್ಟು. ಕರಕರ ಸದ್ದು ಕೇಳಿ ಅವಳು ಬಾಗಿಲಲ್ಲೇ ನಿಂತಳು. ಮಗುವಿನ ಎರಡೂ ಕೈಯಲ್ಲಿ ಅವಳ ಬಟ್ಟೆಯ ಕತ್ತರಿ! ಕಾಗದವನ್ನೂ ತೋರಿಸದೆ, ಪ್ರತಿ ವಾರ ಸಾಣೆ ಹಿಡಿಸಿ, ಮೆತ್ತನೆ ಬಟ್ಟೆಯಲ್ಲಿ ಸುತ್ತಿಡುವ ಕತ್ತರಿ.

"ಅಯ್ಯೋ ನನ್ನ ಕರ್ಮವೇ!" ಎಂದು ಕೂಗಿದಳು. "ಬಟ್ಟೆ ಕತ್ತರೀಲಿ ರಟ್ಟು ಕತ್ತರಿಸೋದಾ? ಹೊಲಿಯೋರ ಮನೇಲಿ ಇದ್ದುಕೊಂಡು? ಇನ್ನು ಇದರಲ್ಲಿ ಬೆಣ್ಣೆ ಕೂಡ ಕತ್ತರಿಸೋಕಾಗಲ್ಲ! ಮುಂದಿನ ಕೋಟನ್ನ ಏನು, ಹಲ್ಲಲ್ಲಿ ಕಚ್ಚಿ ಹರೀಲಾ?"

ಅಡುಗೆಮನೆಯಿಂದ ತಂಗಿ ಸೌಟು ಹಿಡಿದುಕೊಂಡೇ ಓಡಿ ಬಂದಳು. ಕಟಿಂಗ್ ಅಕ್ಕನೂ ಬೆಚ್ಚಿ, ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡು ಕಾದಳು. ಓಟ ಇರಲಿಲ್ಲ, ಕತ್ತಲೆ ಇರಲಿಲ್ಲ. ಸಿಟ್ಟು ಇತ್ತು, ಕತ್ತರಿಯಷ್ಟೇ ಉದ್ದ, ಕತ್ತರಿಯಷ್ಟೇ ಅಗಲ. ಕೂಗಿದ ಮೇಲೆ ಮುಗಿದೂ ಹೋಗಿತ್ತು.

ಗುಬ್ಬಿ ಅವಳ ಮುಖವನ್ನೇ ನೋಡುತ್ತಿತ್ತು. ಬಾತ್‌ರೂಮಿನ ಕಡೆಗೊಮ್ಮೆ ಕಣ್ಣು ಹಾಯಿಸಿತು. ಆಮೇಲೆ ತುಟಿ ಮುಂದೆ ಮಾಡಿ, "ಮತ್ತೆ ಬೇರೆ ಕತ್ತರಿ ಎಲ್ಲಿಟ್ಟಿದ್ದೆ ನೀನು?" ಎಂದಿತು. "ಇಡೀ ಮನೆ ಹುಡುಕಿದೆ. ಎಲ್ಲಾ ಬಚ್ಚಿಡೋಳು ನೀನೇ, ಬೈಯೋಳೂ ನೀನೇ!"

"ಕೇಳಬೇಕಿತ್ತು!"

"ಕೇಳೋಕೆ ನೀನೆಲ್ಲಿ ಮನೇಲಿದ್ದೆ?"

"ಎದುರು ಮಾತಾಡ್ತೀಯಾ? ಇರು, ಇವತ್ತು ನಿಂಗೆ ಮೊಟ್ಟೆ ಇಲ್ಲ."

"ಹೋಗೇ! ನಾನು ಆಗಲೇ ಎರಡು ತಿಂದಾಯ್ತು. ನಿನ್ನದೂ ತಿಂದೆ."

"ನಂದೂ ತಿಂದ್ಯಾ? ಕಳ್ಳಿ!"

ತಂಗಿ ಸೌಟನ್ನು ಕುರ್ಚಿಯ ಮೇಲಿಟ್ಟು ಗೋಡೆಗೊರಗಿದಳು. ಅವಳ ಭುಜ ಕುಲುಕುತ್ತಿತ್ತು; ಮೊದಲು ಅಕ್ಕನಿಗೆ ಅಳುತ್ತಿದ್ದಾಳೆ ಅನ್ನಿಸಿತು. "ಬಂದ್ಯಾ ಅಕ್ಕ," ಎಂದಳು ತಂಗಿ, ನಗುವಿನ ನಡುವೆ ಉಸಿರು ಹುಡುಕುತ್ತಾ. "ಇದು ನಿನ್ನ ಬೈಗುಳ. ಎಷ್ಟು ದಿನ ಆಗಿತ್ತು ಕೇಳಿ."

ಆಮೇಲೆ ಅವಳು ಮಂಚದ ಮೇಲಿನ ಪೆಟ್ಟಿಗೆಯನ್ನು ಕಾಲಿಂದ ಪಕ್ಕಕ್ಕೆ ತಳ್ಳಿ, ಅಲ್ಲೇ ಕೂತು, ಬಸ್ ನಿಲ್ದಾಣದ ಹಿಂದಿನ ಬೀದಿಯ ಮನೆಯವರಿಗೆ ಫೋನ್ ಮಾಡಿದಳು. ಕೋಣೆ ಬೇಡ ಎಂದು ಹೇಳಲು ಅವಳು ಮೂರು ಸಲ ಪ್ರಯತ್ನಿಸಬೇಕಾಯಿತು. ಪಕ್ಕದಲ್ಲಿ ನಡೆಯುತ್ತಿದ್ದ ಮೊಟ್ಟೆಯ ಜಗಳದಲ್ಲಿ ಆ ಕಡೆಯವರಿಗೆ ಏನೂ ಕೇಳಿಸುತ್ತಿರಲಿಲ್ಲ.